ಎಕ್ಸೈಲ್ ಆದ ಕ್ರೀಚರ್ ಸತ್ತ ಹಾಗೇ ಅಲ್ವಾ? ನಿಮ್ಮ ಅನುಭವ ಹೇಳಿ

ಪ್ರಶ್ನೆ: ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡ್ ಆಟಕ್ಕೆ ನಾನು ಹೊಸಬ. ನನ್ನ ಮೆಚ್ಚಿನ ಕಾರ್ಡು ವರ್ಮ್‌ಕಾಯಿಲ್ ಎಂಜಿನ್, ಅದೊಂದು ಕ್ರೀಚರ್ (ನಮ್ಮ ಪರ ಕಾದಾಡುವ ಜೀವಿಯ ಕಾರ್ಡು). ಅದು ಸತ್ತರೆ ಎರಡು 3/3 ಟೋಕನ್ (ಬೇರೆ ಕಾರ್ಡಿನಿಂದ ಹುಟ್ಟುವ ಕ್ರೀಚರ್; ಇಲ್ಲಿ ಪವರ್ 3, ತಾಳಿಕೆ 3) ಬರುತ್ತವೆ. ನಿನ್ನೆ ಎದುರಾಳಿ ಸ್ವೋರ್ಡ್ಸ್ ಟು ಪ್ಲೌಶೇರ್ಸ್ ಎಂಬ ಕಾರ್ಡು ಹಾಕಿ ಅದನ್ನು ಎಕ್ಸೈಲ್ ಮಾಡಿದರು (ಆಟದ ಹೊರಗಿಟ್ಟರು). ಟೋಕನ್ ಬರಲ್ಲ ಅಂದರು. ಕ್ರೀಚರ್ ಹೋಯಿತು ಅಂದಮೇಲೆ ಸತ್ತ ಹಾಗೇ ಅಲ್ವಾ?

ಉತ್ತರ 1: ಇಲ್ಲ, ಅವರು ಹೇಳಿದ್ದು ಸರಿ. ಈ ಆಟದಲ್ಲಿ ಸಾಯುವುದು ಅಂದರೆ ಬ್ಯಾಟಲ್‌ಫೀಲ್ಡ್‌ನಿಂದ (ಆಡುವ ಅಂಗಳ) ಗ್ರೇವ್‌ಯಾರ್ಡ್‌ಗೆ (ಮುಗಿದ ಕಾರ್ಡುಗಳ ರಾಶಿ) ಹೋಗುವುದು, ಅಷ್ಟೇ. ಎಕ್ಸೈಲ್ ಬೇರೆಯೇ ಜಾಗ. 2009ರವರೆಗೆ ಕಾರ್ಡುಗಳ ಮೇಲೆ ‘ಆಟದಿಂದ ತೆಗೆಯಿರಿ’ ಅಂತಲೇ ಇರುತ್ತಿತ್ತು. ಆ ಹಳೇ ಮಾತು ನೆನಪಿಟ್ಟುಕೊಂಡರೆ ಗೊಂದಲ ಆಗಲ್ಲ. ಅಂದಹಾಗೆ, ನಿಮಗೆ 6 ಲೈಫ್ (ಆಟಗಾರರ ಜೀವದ ಅಂಕ) ಸಿಕ್ಕಿತಾ? ಸ್ವೋರ್ಡ್ಸ್ ಹಾಕಿದರೆ ಕ್ರೀಚರ್‌ನ ಪವರ್ ಎಷ್ಟೋ (ವರ್ಮ್‌ಕಾಯಿಲ್‌ದು 6) ಅಷ್ಟು ಲೈಫ್ ಅದನ್ನು ಆಡಿಸುತ್ತಿದ್ದವರಿಗೆ ಬರಬೇಕು. ಬಿಡಬೇಡಿ.

ಉತ್ತರ 2: ನಾನೂ ಇದೇ ಕಾರ್ಡು ಕಳೆದುಕೊಂಡು ಬೇಜಾರಾಗಿದ್ದೆ. ಆಮೇಲೆ ಡೆಕ್‌ಗೆ (ನನ್ನ ಕಾರ್ಡುಗಳ ಕಟ್ಟಿಗೆ) ವಿಸೆರಾ ಸೀರ್ ಸೇರಿಸಿದೆ. ಒಂದೇ ಮಾನಾ (ಕಾರ್ಡು ಆಡಲು ಖರ್ಚು ಮಾಡುವ ಶಕ್ತಿ) ಸಾಕಾಗುವ ಪುಟ್ಟ ಕಾರ್ಡು, ಯಾವಾಗ ಬೇಕಾದರೂ ನಮ್ಮದೇ ಕ್ರೀಚರ್ ಬಲಿ ಕೊಡಬಹುದು. ಮುಂದಿನ ಸಲ ಎದುರಿನವರು ಸ್ವೋರ್ಡ್ಸ್ ಹಾಕಿದರು. ಅದು ಜಾರಿಯಾಗುವ ಮೊದಲೇ ವರ್ಮ್‌ಕಾಯಿಲನ್ನು ನಾನೇ ಬಲಿ ಕೊಟ್ಟೆ. ಅದು ನಿಜವಾಗಿ ಸತ್ತಿತು, ಎರಡೂ ಟೋಕನ್ ಬಂದವು. ಸ್ವೋರ್ಡ್ಸ್‌ಗೆ ಗುರಿಯೇ ಉಳಿಯದೆ ವ್ಯರ್ಥವಾಯಿತು. ಲೈಫ್ ಸಿಗಲಿಲ್ಲ, ಆದರೆ ನನಗೆ ಟೋಕನ್‌ಗಳೇ ಜಾಸ್ತಿ ಮುಖ್ಯ. ನಿಮ್ಮ ಡೆಕ್ ಸಾವಿನ ಮೇಲೆ ನಿಂತಿದ್ದರೆ ಇಂಥದ್ದೊಂದು ಕಾರ್ಡು ಇರಲೇಬೇಕು.

ಉತ್ತರ 3: ಮೇಲಿನ ಸಲಹೆ ಚೆನ್ನಾಗಿದೆ, ಆದರೆ ರೆಸ್ಟ್ ಇನ್ ಪೀಸ್ ಎಂಬ ಕಾರ್ಡು ಆಟದಲ್ಲಿ ಇದ್ದರೆ ನಡೆಯಲ್ಲ. ಆಗ ಬಲಿ ಕೊಟ್ಟ ಕ್ರೀಚರ್ ಕೂಡ ಗ್ರೇವ್‌ಯಾರ್ಡ್ ಮುಟ್ಟದೆ ನೇರ ಎಕ್ಸೈಲ್‌ಗೆ ಹೋಗುತ್ತದೆ. ಲಾವಾ ಕಾಯಿಲ್ ಎಂಬ ಕಾರ್ಡಿನ ಏಟು ತಿಂದ ಕ್ರೀಚರ್‌ಗೂ ಆ ಸರದಿಯಲ್ಲಿ ಸಾವಿಲ್ಲ, ಎಕ್ಸೈಲೇ ಗತಿ. ಇನ್‌ಡಿಸ್ಟ್ರಕ್ಟಿಬಲ್ (ನಾಶವಾಗದ ಗುಣ) ಇದೆ ಅಂತ ಸುಮ್ನೆ ಕೂರಬೇಡಿ, ಎಕ್ಸೈಲ್‌ಗೆ ಅದು ಅಡ್ಡಿಯೇ ಅಲ್ಲ.

ಉತ್ತರ 4: ಯಾವ ಕಾರ್ಡು ಎಕ್ಸೈಲ್ ಮಾಡಿತು ಅಂತ ಓದಿ ನೋಡಿ. ಬ್ಯಾನಿಶಿಂಗ್ ಲೈಟ್ ಆದರೆ ಅದನ್ನು ಒಡೆದರೆ ಸಾಕು, ನಿಮ್ಮ ಕ್ರೀಚರ್ ವಾಪಸ್ ಬರುತ್ತದೆ. ಆದರೆ ಹೊಸ ಕ್ರೀಚರ್ ಆಗಿ ಬರುತ್ತದೆ: ಹಳೇ ಕೌಂಟರ್‌ಗಳು (ಕಾರ್ಡಿನ ಮೇಲೆ ಇಟ್ಟ ಗುರುತುಗಳು) ಇರಲ್ಲ, ಬಂದ ಸರದಿಯಲ್ಲೇ ದಾಳಿಗೆ ಕಳಿಸಲೂ ಆಗಲ್ಲ. ಟೋಕನ್ ಎಕ್ಸೈಲ್ ಆದರೆ ಮಾತ್ರ ಯಾವತ್ತೂ ವಾಪಸ್ ಬರಲ್ಲ.

ಪ್ರಶ್ನೆ ಕೇಳಿದವರು: 6 ಲೈಫ್ ವಿಷಯ ಇಬ್ಬರಿಗೂ ಗೊತ್ತಿರಲಿಲ್ಲ. ವಿಸೆರಾ ಸೀರ್ ಇವತ್ತೇ ಡೆಕ್‌ಗೆ ಹಾಕುತ್ತೇನೆ.