ಮಣಿಕಟ್ಟು ಬೇಗ ಮಗುಚುತ್ತದೆ: ಸಾಫ್ಟ್‌ಬಾಲ್ ಬ್ಯಾಟಿಂಗ್ ತಿದ್ದಿದವರು ದಯವಿಟ್ಟು ಅನುಭವ ಬರೆಯಿರಿ

ಹೊಸನಗರದ ತಂದೆ:
ನನ್ನ ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ, ಎಡಗೈ ಬ್ಯಾಟರ್. ಬ್ಯಾಟು ಚೆಂಡಿಗೆ ತಾಗುವ ಮೊದಲೇ ಹಿಡಿಕೆಯಲ್ಲಿ ಮೇಲಿರುವ ಅವಳ ಕೈ ಕೆಳಗಿನ ಕೈಯ ಮೇಲೆ ಮಗುಚಿಬಿಡುತ್ತದೆ. ಹತ್ತು ಹೊಡೆತಗಳಲ್ಲಿ ಏಳು ನೆಲ ಹಿಡಿದು ಉರುಳುತ್ತವೆ. ಕಲಿಸುತ್ತಿದ್ದ ಶಿಕ್ಷಕರು ವರ್ಗವಾಗಿ ಹೋದರು, ಮಳೆ ಬಿಡುವವರೆಗೆ ಮೈದಾನವೂ ಇಲ್ಲ. ಕೊಟ್ಟಿಗೆಯಲ್ಲಿ ಬಲೆ ಕಟ್ಟಿ ಒಂದು ಟೀ (ಚೆಂಡನ್ನು ಮೇಲಿಟ್ಟು ಹೊಡೆಯುವ ಕಂಬ) ಇಟ್ಟಿದ್ದೇನೆ. ತಿದ್ದಿ ಗೆದ್ದವರೂ ಸೋತವರೂ ಬರೆಯಬೇಕೆಂದು ಕೋರುತ್ತೇನೆ.

ಸಾಗರದ ತಾಯಿ:
ಈ ಒಂದು ದೋಷಕ್ಕಾಗಿ ನಾವು ಹದಿನಾಲ್ಕು ತಿಂಗಳು ಮತ್ತು, ನಾನು ಬರೆದಿಟ್ಟ ಲೆಕ್ಕದಂತೆ, 41,300 ರೂಪಾಯಿ ಕಳೆದುಕೊಂಡೆವು. ಬೆಂಗಳೂರಿನ ಶಿಬಿರವೊಂದರ ತರಬೇತುದಾರರು ಮಗಳ ಮಣಿಕಟ್ಟಿನಲ್ಲಿ ಬಲವಿಲ್ಲ, ಆದ್ದರಿಂದಲೇ ಮಗುಚುತ್ತದೆ ಎಂದರು. ಅವರ ಶುಲ್ಕ 9,000. ಅವರು ಹೇಳಿದ 33 ಇಂಚಿನ ಬ್ಯಾಟಿಗೆ 13,500. ಆರು ಸಲ ಹೋಗಿ ಬಂದ ಬಸ್ಸು ಮತ್ತು ವಸತಿಗೆ 10,800. ದಿನಕ್ಕೆರಡು ಹೊತ್ತು ಡಂಬೆಲ್ ಎತ್ತಿಸಿದ ಮೂರನೆಯ ತಿಂಗಳಿಗೆ ಅವಳ ಕೆಳಗಿನ ಕೈಯ ಅಂಗೈಯಲ್ಲಿ, ಕಿರುಬೆರಳಿನ ಕಡೆಯ ಬುಡದಲ್ಲಿ ನೋವು ಕಾಣಿಸಿತು. ಎಂಆರ್‌ಐಗೆ 6,500, ಫಿಸಿಯೊಥೆರಪಿಗೆ 1,500 ಹೋಯಿತು. ಅಲ್ಲಿ ಹೇಮೇಟ್ ಎಂಬ ಪುಟ್ಟ ಎಲುಬಿಗೆ ಕೊಕ್ಕೆಯಂಥ ಚಾಚು ಇರುತ್ತದೆ, ಬ್ಯಾಟಿನ ಹಿಡಿಕೆಯ ತುದಿ ಅದನ್ನು ಪದೇ ಪದೇ ಒತ್ತಿದರೆ ಎಲುಬು ಮುರಿಯುವುದೂ ಉಂಟು ಎಂದು ವೈದ್ಯರು ಎಚ್ಚರಿಸಿದರು. ಆರು ವಾರ ಅವಳು ಬ್ಯಾಟು ಮುಟ್ಟಲಿಲ್ಲ.

ಕೊನೆಗೆ ತಿಳಿದದ್ದು ಇಷ್ಟು: ಅವಳು ಬ್ಯಾಟನ್ನು ಅಂಗೈಯ ಆಳದಲ್ಲಿ ತುಂಬಿಕೊಂಡು ಹಿಡಿಯುತ್ತಿದ್ದಳು. ಹಾಗೆ ಹಿಡಿದಾಗ ಮಣಿಕಟ್ಟು ಬಿಗಿಯಾಗುತ್ತದೆ, ಕೈ ಮುಂದಕ್ಕೆ ಚಾಚಲು ದಾರಿಯಿಲ್ಲದೆ ಮಗುಚುತ್ತದೆ. ಹಿಡಿಕೆಯನ್ನು ಬೆರಳುಗಳ ಬುಡಕ್ಕೆ ತಂದು, ಎರಡೂ ಕೈಗಳ ನಡುಗೆಣ್ಣುಗಳು ಒಂದೇ ಸಾಲಿಗೆ ಬರುವಂತೆ ಹಿಡಿಸಿದ ಮೇಲೆ, ಹಳೆಯ 31 ಇಂಚಿನ ಬ್ಯಾಟಿನಲ್ಲೇ ಮೂರು ವಾರದಲ್ಲಿ ಚೆಂಡು ನೆಲ ಬಿಟ್ಟಿತು. ಹಿಡಿತವೊಂದೇ ಕಾರಣ, ಬೇರೇನೂ ಇಲ್ಲ.

ತೀರ್ಥಹಳ್ಳಿಯ ನಿವೃತ್ತ ದೈಹಿಕ ಶಿಕ್ಷಕ:
ಸಾಗರದ ಮೇಡಂ ಅವರ ನೋವು ಅರ್ಥವಾಗುತ್ತದೆ, ಆದರೆ ಹಿಡಿತವೊಂದೇ ಕಾರಣ ಎಂಬುದನ್ನು ನಾನು ಒಪ್ಪುವುದಿಲ್ಲ. ಇಪ್ಪತ್ತಾರು ವರ್ಷ ಹೆಣ್ಣುಮಕ್ಕಳ ತಂಡ ಕಟ್ಟಿದವನು ನಾನು. ನಮ್ಮ ಮಕ್ಕಳು ಸಾಫ್ಟ್‌ಬಾಲಿಗೆ ಬರುವ ಮೊದಲು ಗದ್ದೆ ಬಯಲಿನಲ್ಲಿ ಅಣ್ಣಂದಿರ ಜೊತೆ ಕ್ರಿಕೆಟ್ ಆಡಿರುತ್ತಾರೆ. ಪುಲ್ ಹೊಡೆಯುವಾಗ ಕ್ಯಾಚ್ ಹೋಗದಿರಲೆಂದು ಚೆಂಡಿನ ಮೇಲೆ ಮಣಿಕಟ್ಟನ್ನು ಮಗುಚಿ ನೆಲಕ್ಕಿಳಿಸುವುದು ಅಲ್ಲಿ ಗುಣ. ಇಲ್ಲಿ ಅದೇ ದೋಷ. ಓಡಿ ಮುಟ್ಟಬೇಕಾದ ಒಂದು ಬೇಸಿನಿಂದ ಇನ್ನೊಂದಕ್ಕೆ 60 ಅಡಿ ಮಾತ್ರ ಇರುವ ಅಂಗಳದಲ್ಲಿ ನೆಲ ಹಿಡಿದು ಉರುಳಿದ ಚೆಂಡು ನೇರವಾಗಿ ಎರಡನೆಯ ಮತ್ತು ಮೂರನೆಯ ಬೇಸುಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಕೈಗೆ ಹೋಗುತ್ತದೆ, ಅಲ್ಲಿಂದ ಫಸ್ಟ್ ಬೇಸಿಗೆ ಒಂದೇ ಎಸೆತ, ಬ್ಯಾಟರ್ ಔಟ್. ಕ್ರಿಕೆಟಿಗ ವಿಶ್ವನಾಥರ ಮಣಿಕಟ್ಟಿನ ಆಟವನ್ನು ಹೊಗಳುತ್ತ ಬೆಳೆದ ಈ ಜಿಲ್ಲೆಯಲ್ಲಿ ಆ ಅಭ್ಯಾಸ ಬಿಡಿಸುವುದೇ ನನ್ನ ಅರ್ಧ ಕೆಲಸವಾಗಿತ್ತು.

ನಾನು ಮಾಡಿಸಿದ್ದು ಎರಡು ಟೀಗಳನ್ನಿಟ್ಟು ಮಾಡುವ ಅಭ್ಯಾಸ. ಮೊದಲ ಚೆಂಡಿನ ಮುಂದೆ, ಅದೇ ನೇರದಲ್ಲಿ, ಒಂದೂವರೆ ಅಡಿ ದೂರಕ್ಕೆ ಇನ್ನೊಂದು ಚೆಂಡು. ಎರಡೂ ಹಾರಬೇಕು. ಮಣಿಕಟ್ಟು ಮಗುಚಿದರೆ ಬ್ಯಾಟು ಎರಡನೆಯದನ್ನು ತಪ್ಪಿಸಿ ಒಳಕ್ಕೆ ತಿರುಗುತ್ತದೆ. ಮಗುವಿಗೆ ಯಾರೂ ಏನೂ ಹೇಳಬೇಕಾಗಿಲ್ಲ. ನಡುಗೆಣ್ಣುಗಳನ್ನು ಪಟ್ಟಿ ಹಿಡಿದಂತೆ ಸಾಲು ಮಾಡಿಸಿದರೆ ಕೆಲವರ ಮೊಣಕೈ ಪಕ್ಕೆಗೆ ಅಂಟಿಕೊಳ್ಳುತ್ತದೆ ಎಂಬುದನ್ನೂ ಮೇಡಂ ಗಮನಿಸಬೇಕು.

ಭದ್ರಾವತಿಯ ಹಳೆಯ ಆಟಗಾರ:
ಮೇಷ್ಟ್ರೇ, ತಮ್ಮ ಮೇಲೆ ಗೌರವವಿದೆ, ಆದರೆ ನಮ್ಮ ಊರಿನವರ ಹೆಸರನ್ನು ಇದಕ್ಕೆ ಎಳೆದಿದ್ದು ಸರಿಯಲ್ಲ. ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು ಭದ್ರಾವತಿಯಲ್ಲಿ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದೆದುರು ಮೊದಲ ಟೆಸ್ಟ್ ಆಡಿ, ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆಗೆ ಔಟಾಗಿ, ಎರಡನೆಯದರಲ್ಲಿ 137 ಹೊಡೆದವರು ಅವರು. ಅವರ ಸ್ಕ್ವೇರ್ ಕಟ್ ಚೆಂಡನ್ನು ದೇಹದ ಹತ್ತಿರಕ್ಕೆ ಬರಗೊಟ್ಟು ತಡವಾಗಿ ಆಡುವ ಹೊಡೆತ. ಮಣಿಕಟ್ಟು ಬೇಗ ಮಗುಚುವ ಹುಡುಗಿ ಕಲಿಯಬೇಕಾದದ್ದೂ ಅದನ್ನೇ, ಚೆಂಡನ್ನು ಕಾಯುವುದನ್ನು. ಅವಳು ತೀರಾ ಮುಂದೆ ಹೋಗಿ ಹೊಡೆಯುತ್ತಿರುತ್ತಾಳೆ. ಅಷ್ಟು ಹೊತ್ತಿಗೆ ತೋಳು ಪೂರ್ತಿ ಚಾಚಿ ಮುಗಿದಿರುತ್ತದೆ, ಮಗುಚದೆ ಬೇರೆ ದಾರಿಯೇ ಉಳಿದಿರುವುದಿಲ್ಲ.

ನನ್ನ ತಂಗಿಯ ಮಗಳಿಗೆ ಕಾರಣ ಸೊಂಟದಲ್ಲಿತ್ತು. ಸೊಂಟ ತಿರುಗದೆ ನಿಂತಾಗ ಆ ಕೆಲಸವನ್ನೂ ಕೈಗಳೇ ಮಾಡಲು ಹೋಗುತ್ತವೆ. ನಾನು ಅವಳಿಗೆ ನಿಂತ ಮರಕ್ಕೆ ಅಡ್ಡಲಾಗಿ ಕೊಡಲಿ ಬೀಸುವುದನ್ನು ತೋರಿಸಿದೆ. ಏಟು ಬೀಳುವಾಗ ಒಂದು ಅಂಗೈ ಆಕಾಶಕ್ಕೆ, ಇನ್ನೊಂದು ನೆಲಕ್ಕೆ. ಮಗುಚಿದರೆ ಕೊಡಲಿಯ ಬಾಯಿ ಜಾರುತ್ತದೆ. ಆಮೇಲೆ ಹಳೆಯ ಸ್ಕೂಟರ್ ಟೈರನ್ನು ತೊಲೆಗೆ ನೇತುಹಾಕಿ, ಹೊಡೆದು ಅಲ್ಲೇ ನಿಲ್ಲಿಸುವ ಅಭ್ಯಾಸ ಮಾಡಿಸಿದೆ. ದಿನಕ್ಕೆ ಅರವತ್ತು ಏಟು, ಎರಡು ತಿಂಗಳು, ಖರ್ಚು ಶೂನ್ಯ.

ಸಾಗರದ ತಾಯಿ:
ಖರ್ಚು ಶೂನ್ಯ ಎಂದು ಬರೆಯುವ ಮುನ್ನ ಯಾವ ಬ್ಯಾಟು ಎಂಬುದನ್ನೂ ತಿಳಿಸಬೇಕಿತ್ತು. ಇಂಥದೇ ಸಲಹೆ ಕೇಳಿ ನಮ್ಮ ನೆರೆಮನೆಯವರು 14,000 ರೂಪಾಯಿಯ ಕಾಂಪೋಸಿಟ್ (ನಾರು ಮತ್ತು ಅಂಟಿನಿಂದ ಮಾಡಿದ) ಬ್ಯಾಟಿನಿಂದ ಟೈರಿಗೆ ಹೊಡೆಸಿದರು, ಒಂಬತ್ತನೆಯ ದಿನ ಅದು ಸೀಳಿತು. ಮಾರಿದವರು ವಾರಂಟಿ ಕೊಡಲಿಲ್ಲ. ಟೈರಿಗೆ ಮರದ ಬ್ಯಾಟು ಅಥವಾ ದೊಣ್ಣೆಯನ್ನಷ್ಟೇ ಬಳಸಬೇಕು. ಮೇಷ್ಟ್ರು ಹೇಳಿದ ಮೊಣಕೈಯ ಮಾತಿಗೆ ನನ್ನ ಉತ್ತರ: ನಮ್ಮ ಮಗಳ ಮೊಣಕೈ ಎಲ್ಲಿಗೂ ಅಂಟಿಕೊಂಡಿಲ್ಲ.

ಭದ್ರಾವತಿಯ ಹಳೆಯ ಆಟಗಾರ:
ನಾನು ಬಳಸಿದ್ದು ಮರದ್ದೇ. ಕೇಳದೆ ಆರೋಪ ಹೊರಿಸಬೇಡಿ, ಅಮ್ಮಾ.

ತೀರ್ಥಹಳ್ಳಿಯ ನಿವೃತ್ತ ದೈಹಿಕ ಶಿಕ್ಷಕ:
ವಿಶ್ವನಾಥರನ್ನು ನಾನು ಹಳಿದಿಲ್ಲ. ಅವರ ಹೆಸರು ಹೇಳಿಕೊಂಡು ಎಲ್ಲ ಹೊಡೆತಕ್ಕೂ ಮಣಿಕಟ್ಟು ತಿರುಗಿಸುವ ಹುಡುಗರನ್ನು ಹಳಿದೆ. ತಾವು ಹೇಳಿದ ‘ತಡವಾಗಿ ಆಡುವುದು’ ಸಾಫ್ಟ್‌ಬಾಲಿನಲ್ಲಿ ಸುಲಭವಲ್ಲ. ಹೆಣ್ಣುಮಕ್ಕಳ ಆಟದಲ್ಲಿ ಚೆಂಡೆಸೆಯುವ ಪಿಚ್ಚರ್ ನಿಲ್ಲುವುದು 43 ಅಡಿ ದೂರದಲ್ಲಿ. ಗಂಟೆಗೆ 90 ಕಿಲೋಮೀಟರ್ ವೇಗದ ಚೆಂಡಿಗೆ ಸುಮಾರು ಅರ್ಧ ಸೆಕೆಂಡು ಸಾಕು. ಕಾಯಲು ಕಲಿಸುವ ಮೊದಲು ಚಿಕ್ಕದಾಗಿ ಬೀಸಲು ಕಲಿಸಬೇಕು.

ಶಂಕರಘಟ್ಟದಲ್ಲಿ ಓದಿದ ಆಟಗಾರ್ತಿ:
ಹಿರಿಯರು ಕ್ಷಮಿಸಬೇಕು, ನೀವು ಯಾರೂ ಹೇಳದ ಒಂದು ಅಪಾಯ ನನ್ನ ಆಟವನ್ನೇ ತಿಂದಿತು. ಚೆಂಡು ಬಿಟ್ಟುಹೋದ ಮೇಲೆ, ಎರಡೂ ತೋಳು ಚಾಚಿ ಮುಗಿದ ಮೇಲೆ, ಮಣಿಕಟ್ಟು ತಾನಾಗಿ ಮಗುಚಲೇಬೇಕು. ಅದು ದೋಷವಲ್ಲ. ನನಗೆ ಕಲಿಸಿದವರು ಮಗುಚಿದ ಕೈಯ ಒಂದು ಫೋಟೊ ತೋರಿಸಿ, ಇದನ್ನು ಬಿಡು ಎಂದು ಇಡೀ ಋತು ಗದರಿದರು. ಆ ಫೋಟೊದಲ್ಲಿ ಚೆಂಡು ಆಗಲೇ ಬ್ಯಾಟಿನಿಂದ ಮೂರು ಅಡಿ ಮುಂದಿತ್ತು. ನಾನು ಕೈಗಳನ್ನು ಬಲವಂತವಾಗಿ ತಡೆಯತೊಡಗಿದೆ, ಭುಜ ಬಿಗಿಯಿತು, ಬೀಸಿನ ವೇಗ ಹೋಯಿತು, ವಿಶ್ವವಿದ್ಯಾಲಯದ ತಂಡದಲ್ಲಿದ್ದ ನನ್ನ ಜಾಗವೂ ಹೋಯಿತು. ಆ ವರ್ಷವನ್ನು ನೆನೆದರೆ ನನಗೆ ಇಂದಿಗೂ ಗಂಟಲು ಕಟ್ಟುತ್ತದೆ.

ಆದ್ದರಿಂದ ಮೊದಲು ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಪಕ್ಕದಿಂದ ಚಿತ್ರಿಸಿ, ಚೆಂಡು ತಾಗುವ ಕ್ಷಣದಲ್ಲಿ ಮೇಲಿನ ಕೈಯ ಅಂಗೈ ಎತ್ತ ನೋಡುತ್ತಿದೆ ಎಂಬುದನ್ನು ನಿಲ್ಲಿಸಿ ನೋಡಬೇಕು. ಆಕಾಶದತ್ತ ಇದ್ದರೆ ಮಣಿಕಟ್ಟನ್ನು ಮುಟ್ಟಲೇಬಾರದು. ಚೆಂಡು ಉರುಳುವುದಕ್ಕೆ ಬೇರೆ ಕಾರಣವಿರುತ್ತದೆ. ಬಹುಶಃ ಚೆಂಡಿನ ಮೇಲ್ಭಾಗಕ್ಕೆ ಹೊಡೆಯುತ್ತಿದ್ದಾಳೆ.

ಸಾಗರದ ತಾಯಿ:
ಹಾಗಾದರೆ ನಮ್ಮ ಹದಿನಾಲ್ಕು ತಿಂಗಳು ವ್ಯರ್ಥ ಎನ್ನುತ್ತೀರಾ?

ಶಂಕರಘಟ್ಟದಲ್ಲಿ ಓದಿದ ಆಟಗಾರ್ತಿ:
ಇಲ್ಲ ಅಕ್ಕ. ನಿಮ್ಮ ಮಗಳಿಗೆ ಹಿಡಿತದ ದೋಷವೇ ಇತ್ತು, ನೀವು ಅದನ್ನೇ ತಿದ್ದಿದಿರಿ. ನನಗೆ ಇಲ್ಲದ ದೋಷವನ್ನು ತಿದ್ದಿದರು.

ಹೊಸನಗರದ ತಂದೆ:
ಎಲ್ಲರಿಗೂ ಕೃತಜ್ಞ. ಇಂದು ಬೆಳಿಗ್ಗೆ ಚಿತ್ರಿಸಿ ನೋಡಿದೆವು: ತಾಗುವ ಮೊದಲೇ ಅಂಗೈ ನೆಲದ ಕಡೆ ತಿರುಗಿದೆ. ಮೇಷ್ಟ್ರು ಶಾರ್ಟ್‌ಸ್ಟಾಪ್ ಎಂದರು. ಅವಳು ಎಡಗೈಯವಳು, ಅವಳ ಚೆಂಡು ಹೋಗುವುದು ಸೆಕೆಂಡ್ ಬೇಸ್ ಕಡೆಗೆ.

ಶಂಕರಘಟ್ಟದಲ್ಲಿ ಓದಿದ ಆಟಗಾರ್ತಿ:
ಅದು ಇನ್ನೂ ನಷ್ಟ, ಸರ್. ಎಡಗೈ ಬ್ಯಾಟರ್ ಫಸ್ಟ್ ಬೇಸಿಗೆ ಒಂದೆರಡು ಹೆಜ್ಜೆ ಹತ್ತಿರ ನಿಂತಿರುತ್ತಾಳೆ. ಆದರೆ ಸೆಕೆಂಡ್ ಬೇಸ್ ಆಟಗಾರ್ತಿಯಿಂದ ಫಸ್ಟ್ ಬೇಸಿಗೆ ಎಸೆತ ತೀರಾ ಚಿಕ್ಕದಾದ್ದರಿಂದ ಆ ಅನುಕೂಲ ಅಲ್ಲೇ ಕರಗುತ್ತದೆ. ಟೀಯನ್ನು ಈಗಿರುವಲ್ಲಿಂದ ಒಂದು ಗೇಣು ಹಿಂದಕ್ಕೆ, ಅವಳ ಮುಂಗಾಲಿನ ನೇರಕ್ಕೆ, ಪ್ಲೇಟಿನ (ಬ್ಯಾಟರ್ ಪಕ್ಕದಲ್ಲಿ ನಿಲ್ಲುವ ನೆಲದ ಹಲಗೆಯ) ಹೊರ ಅಂಚಿಗೆ ಇಡಿ. ಬಲೆಯ ಎಡ ಭಾಗಕ್ಕೆ, ಎಂದರೆ ಶಾರ್ಟ್‌ಸ್ಟಾಪ್ ತಲೆಯ ಮೇಲೆ ಹೋಗುವಂತೆ, ಒಂದು ಬಟ್ಟೆ ಕಟ್ಟಿ ಅದಕ್ಕೇ ಹೊಡೆಯಲು ಹೇಳಿ. ಮಗುಚಿದ ಕೈಗೆ ಚೆಂಡನ್ನು ಅಲ್ಲಿಗೆ ಕಳಿಸುವುದು ಕಷ್ಟ. ದಿನಕ್ಕೆ ನಲವತ್ತು ಸಾಕು. ಮಣಿಕಟ್ಟು ಎಂಬ ಪದವನ್ನು ಅವಳ ಮುಂದೆ ಎತ್ತಬೇಡಿ.