ಪಿಡಿಎಫ್ ಅಳತೆ ನೋಡಿ ಟೆಂಪ್ಲೇಟ್ ತಾನೇ ಆಯ್ಕೆಯಾಗುವ ಹಾಗೆ ಮಾಡಿದವರು ಅನುಭವ ಹೇಳಿ

ಹೊಸ ಆಪರೇಟರ್:
ನಮ್ಮಲ್ಲಿ ಇಂಪೊಸಿಷನ್ ಟೆಂಪ್ಲೇಟ್‌ಗಳು (ದೊಡ್ಡ ಶೀಟ್‌ನಲ್ಲಿ ಯಾವ ಪುಟ ಎಲ್ಲಿ ಕೂರಬೇಕು ಅನ್ನುವ ಮಾದರಿಗಳು) ರಾಶಿ ಬಿದ್ದಿವೆ. ಹಾಟ್ ಫೋಲ್ಡರ್‌ಗೆ (ಫೈಲ್ ಹಾಕಿದರೆ ಕೆಲಸ ತಾನೇ ಶುರುವಾಗುವ ಫೋಲ್ಡರ್) ಬಿದ್ದ ಫೈಲ್‌ನ ಪುಟದ ಅಳತೆ ನೋಡಿ ಸರಿಯಾದದ್ದು ತಾನಾಗಿ ಹಿಡಿಯಬೇಕು. ಹೆಚ್ಚಾಗಿ ಎ5, ಎ4 ಸೆಂಟರ್ ಪಿನ್ ಪುಸ್ತಕಗಳು. ಟಾಲರೆನ್ಸ್, ಅಂದರೆ ಅಳತೆಯಲ್ಲಿ ಒಪ್ಪುವ ವ್ಯತ್ಯಾಸ, ಎಷ್ಟು ಇಡಲಿ?

ಪ್ಲೇಟ್‌ರೂಮ್ ಹಳಬ:
ಟಾಲರೆನ್ಸ್ ಆಮೇಲೆ. ಯಾವ ಬಾಕ್ಸ್ ಅಳೆಯುತ್ತಿದ್ದೀರಿ, ಅದು ಮೊದಲು. ನಮಗೆ ಸ್ಕ್ರಿಪ್ಟ್ ಬರೆದುಕೊಟ್ಟ ಮಹಾನುಭಾವ ಮೀಡಿಯಾ ಬಾಕ್ಸ್‌ನ (ಪಿಡಿಎಫ್‌ನ ಅಂಚೆಲ್ಲ ಸೇರಿದ ಪೂರ್ತಿ ಪುಟ) ಅಗಲ ಮಾತ್ರ ನೋಡಿದ್ದ. ಎ4 ಅಗಲ 210 ಮಿ.ಮೀ. ಎರಡೂ ಕಡೆ 3 ಮಿ.ಮೀ. ಬ್ಲೀಡ್ (ಆಮೇಲೆ ಕತ್ತರಿಸಿ ತೆಗೆಯುವ ಹೆಚ್ಚುವರಿ ಅಂಚು) ಸೇರಿದರೆ 216. ಅಮೆರಿಕದ ಲೆಟರ್ ಸೈಜ್ ಅಗಲ 215.9! ಎ4 ಪುಸ್ತಕ ಸೀದಾ ಹೋಗಿ ಲೆಟರ್ ಟೆಂಪ್ಲೇಟ್‌ನಲ್ಲಿ ಕೂತಿತು. ಎ4 ಎತ್ತರ 297, ಲೆಟರ್ ಎತ್ತರ 279.4 ಅಷ್ಟೇ. ಮೇಲೆ ಕೆಳಗೆ ಸೇರಿ ಹದಿನೇಳೂವರೆ ಮಿಲಿಮೀಟರ್ ಹಾರಿಹೋಯಿತು, ಪುಟಸಂಖ್ಯೆ ಸಮೇತ. ಪ್ರತಿ ಫಾರ್ಮ್‌ಗೆ (ಪುಟಗಳು ಕೂತ ಒಂದು ದೊಡ್ಡ ಶೀಟ್) ನಾಲ್ಕು ಬಣ್ಣ, ಎರಡು ಮಗ್ಗುಲು, ಎಂಟು ಪ್ಲೇಟ್ ದಂಡ. ರಿಜಿಸ್ಟರ್ ಕೂರಿಸಲು (ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಬೀಳುವಂತೆ ಮಾಡಲು) ಹೋದ ಕಾಗದ ಬೇರೆ. ಅಚ್ಚಾದ ಶೀಟ್ ಪೂರ್ತಿ ರದ್ದಿಗೆ. ಗೊತ್ತಾಗಿದ್ದು ಕಟಿಂಗ್‌ನಲ್ಲಿ. ಈಗ ಟ್ರಿಮ್ ಬಾಕ್ಸ್ (ಕತ್ತರಿಸಿದ ಮೇಲೆ ಉಳಿಯುವ ಪುಟದ ಅಳತೆ) ಇಲ್ಲದ ಫೈಲ್ ಬಾಗಿಲಲ್ಲೇ ವಾಪಸ್.

ನೈಟ್ ಶಿಫ್ಟ್:
ಸರ್, ಟ್ರಿಮ್ ಬಾಕ್ಸ್ ಇದ್ದರೂ ನಮಗೆ ಬಿತ್ತು ಪೆಟ್ಟು. ಎ5 ಪುಸ್ತಕದ ಒಳಪುಟಗಳನ್ನು ಡಿಸೈನರ್ ಸ್ಪ್ರೆಡ್ ಮಾಡಿ, ಅಂದರೆ ಎರಡೆರಡು ಪುಟ ಜೋಡಿಸಿ, ಕಳಿಸಿದ್ದರು. 148 ಎರಡು ಸಲ ಅಂದರೆ 296. ಅಡ್ಡ ಎ4 297. ಸೆಟಪ್ ಮಾಡಿಕೊಟ್ಟವರು ಟಾಲರೆನ್ಸ್ 1 ಮಿ.ಮೀ. ಇಟ್ಟಿದ್ದರು. ಸಿಸ್ಟಂಗೆ ಅದು ಅಡ್ಡ ಎ4. ಎಲ್ಲೂ ಎಚ್ಚರಿಕೆ ಇಲ್ಲ. ಮಡಿಸಿ ನೋಡಿದರೆ ಎರಡನೇ ಪುಟ, ಮೂರನೇ ಪುಟ ಒಂದೇ ಪುಟದ ಜಾಗದಲ್ಲಿ ಅಕ್ಕಪಕ್ಕ. ಬೆಳಗಿನ ಶಿಫ್ಟ್‌ನವರು ನನ್ನ ಮೇಲೆ ಕೂಗಾಡಿದರು. ಆವತ್ತಿನಿಂದ ಟಾಲರೆನ್ಸ್ ಸೊನ್ನೆ.

ಪಾಯಿಂಟ್ ಲೆಕ್ಕ:
ಸೊನ್ನೆ ಅಂತೆ! ಪಿಡಿಎಫ್ ಒಳಗೆ ಅಳತೆ ಪಾಯಿಂಟ್‌ನಲ್ಲಿ ಇರುತ್ತದೆ ಸ್ವಾಮಿ, ಇಂಚಿಗೆ 72. ಎ4 ಅಗಲ 595.276 ಪಾಯಿಂಟ್. ಎಷ್ಟೋ ಪ್ರೋಗ್ರಾಂಗಳು 595 ಅಂತಲೇ ಬರೆಯುತ್ತವೆ. ಅದು 209.9 ಮಿ.ಮೀ. ಸೊನ್ನೆ ಇಟ್ಟರೆ ಒಳ್ಳೆಯ ಎ4 ಕೂಡ ರಿಜೆಕ್ಟ್. ನಾವು 0.5 ಇಟ್ಟಿದ್ದೇವೆ. ರೌಂಡಿಂಗ್ ದಾಟುತ್ತದೆ, ನಿಮ್ಮ 296 ಸಿಕ್ಕಿಬೀಳುತ್ತದೆ.

ನೈಟ್ ಶಿಫ್ಟ್:
ರಿಜೆಕ್ಟ್ ಆದರೆ ಕೈಯಲ್ಲಿ ನೋಡುತ್ತೇನೆ. ರಾತ್ರಿ ಒಬ್ಬನೇ ಇರುವವನು ನಾನು. ಲೆಕ್ಕ ಹೇಳುವುದು ಸುಲಭ.

ಟೆಂಪ್ಲೇಟ್ ಬಿಟ್ಟವಳು:
ನೀವೆಲ್ಲ ಇನ್ನೂ ಫೈಲ್ ನೋಡಿ ಊಹೆ ಮಾಡುತ್ತಿದ್ದೀರಾ? ನಮ್ಮಲ್ಲಿ ಎಸ್ಟಿಮೇಟ್ ಹಾಕುವಾಗಲೇ ಮುಗಿದ ಸೈಜ್, ಪುಟ ಎಷ್ಟು, ಬೈಂಡಿಂಗ್ ಯಾವುದು ಎಲ್ಲ ದಾಖಲಾಗುತ್ತದೆ. ಅದೇ ಜೆಡಿಎಫ್ (ಕೆಲಸದ ವಿವರ ಹೊತ್ತ ಫೈಲ್) ಆಗಿ ಪ್ರಿಪ್ರೆಸ್‌ಗೆ (ಅಚ್ಚಿಗೆ ಮೊದಲಿನ ತಯಾರಿ ವಿಭಾಗ) ಬರುತ್ತದೆ. ಲೇಔಟ್ ಆರ್ಡರ್‌ನಿಂದ ಹುಟ್ಟುತ್ತದೆ, ಫೈಲ್ ಅದಕ್ಕೆ ಹೊಂದಬೇಕು. ಹೊಂದದಿದ್ದರೆ ಕೆಲಸ ನಿಲ್ಲುತ್ತದೆ. ಹಳೇ ಟೆಂಪ್ಲೇಟ್‌ಗಳನ್ನು ಡಿಲೀಟ್ ಮಾಡಿದಾಗ ಎಲ್ಲರೂ ನನ್ನನ್ನು ಬೈದರು. ಈಗ ಯಾರೂ ಕೇಳುತ್ತಿಲ್ಲ.

ಪ್ಲೇಟ್‌ರೂಮ್ ಹಳಬ:
ಮೇಡಂ, ಎಸ್ಟಿಮೇಟ್‌ನಲ್ಲೇ ಅಗಲ ಎತ್ತರ ಅದಲುಬದಲು ಮಾಡಿದರೆ? ನಮ್ಮ ಸೇಲ್ಸ್‌ನವರು ಅದರಲ್ಲಿ ಪರಿಣತರು.

ಬೈಂಡಿಂಗ್ ಟೇಬಲ್:
ತಾನೇ ಲೇಔಟ್ ಕಟ್ಟುವ ಸಾಫ್ಟ್‌ವೇರ್ ಬಗ್ಗೆ ನಾನೂ ಹೇಳಬೇಕು. ಕಾಗದ ಉಳಿಸಲು ಅದು ಪುಟಗಳನ್ನು ತಿರುಗಿಸಿ ಕೂರಿಸಿತು. ಗ್ರೇನ್, ಅಂದರೆ ಕಾಗದದ ನಾರಿನ ದಿಕ್ಕು, ಪುಸ್ತಕದ ಬೆನ್ನಿಗೆ ಅಡ್ಡವಾಯಿತು. ದಪ್ಪ ಆರ್ಟ್ ಪೇಪರ್, ಮಡಿಸಿದ ಕಡೆ ಇಂಕ್ ಒಡೆದು ಬಿಳಿ ಗೆರೆ. ಪುಸ್ತಕ ಮುಚ್ಚಿ ನಿಲ್ಲುತ್ತಲೇ ಇಲ್ಲ. ಉಳಿಸಿದ ಶೀಟ್‌ಗಿಂತ ಬಿಸಾಡಿದ್ದು ಜಾಸ್ತಿ.

ಟೆಂಪ್ಲೇಟ್ ಬಿಟ್ಟವಳು:
ಗ್ರೇನ್ ದಿಕ್ಕು ಸೆಟ್ ಮಾಡದಿದ್ದರೆ ಸಾಫ್ಟ್‌ವೇರ್ ಏನು ಕನಸು ಕಾಣಬೇಕಾ?

ಬೈಂಡಿಂಗ್ ಟೇಬಲ್:
ಸೆಟ್ ಮಾಡಬೇಕಾದ್ದು ಪ್ರಿಪ್ರೆಸ್. ಬೈಸಿಕೊಳ್ಳುವುದು ನಾವು. ಚೆನ್ನಾಗಿದೆ.

ಹೊಸ ಆಪರೇಟರ್:
ಹಾಗಾದರೆ ಟ್ರಿಮ್ ಬಾಕ್ಸ್, 0.5. ಅಡ್ಡ ಪುಟಕ್ಕೆ ಅಗಲ ಎತ್ತರ ಹೋಲಿಸಿದರೆ ಸಾಕಲ್ವಾ?

ಪಾಯಿಂಟ್ ಲೆಕ್ಕ:
ಸಾಲದು. ಪುಟಕ್ಕೆ ರೊಟೇಟ್ 90 (ತಿರುಗಿಸಿ ತೋರಿಸು ಅನ್ನುವ ಸೂಚನೆ) ಇದ್ದರೆ ಸ್ಕ್ರೀನ್‌ನಲ್ಲಿ ಅಡ್ಡ ಕಾಣುತ್ತದೆ, ಬಾಕ್ಸ್‌ನಲ್ಲಿ 210×297 ಅಂತಲೇ ಇರುತ್ತದೆ. ಅದನ್ನೂ ಓದಿಸಿ. ಮೊದಲ ಪುಟ ಮಾತ್ರ ಅಲ್ಲ, ಎಲ್ಲ ಪುಟ. ಇದನ್ನು ನೈಟ್ ಶಿಫ್ಟ್‌ನವರಿಗೂ ಹೇಳುತ್ತಿದ್ದೇನೆ.

ನೈಟ್ ಶಿಫ್ಟ್:
ನಿಮ್ಮನ್ನು ಯಾರು ಕೇಳಿದರು?