ಕುಂಡದ ದಾಸವಾಳದ ಎಲೆ ಮುದುಡುತ್ತಿದೆ, ಔಷಧಿ ಹೊಡೆಯಲಾ?

ಕೇಳಿದವರು, ಬೆಂಗಳೂರಿನಿಂದ:
ಬಾಲ್ಕನಿಯಲ್ಲಿ ಒಂದು ಕೆಂಪು ದಾಸವಾಳ ಇದೆ. ದೇವರಿಗೆ ದಿನಾ ಎರಡು ಮೂರು ಹೂವು ಸಿಗುತ್ತಿತ್ತು. ಯುಗಾದಿ ಕಳೆದ ಮೇಲೆ ಎಲೆ ಮುದುಡಲು ಶುರುವಾಯಿತು. ಮೊಗ್ಗು ಅರಳುವ ಮೊದಲೇ ಉದುರುತ್ತಿದೆ. ನೀರು ದಿನಾ ಹಾಕುತ್ತೇನೆ. ನರ್ಸರಿಯವರು ಒಂದು ಬಾಟಲಿ ಔಷಧಿ ಕೊಟ್ಟಿದ್ದಾರೆ, ಇನ್ನೂ ತೆಗೆದಿಲ್ಲ. ಏನು ಮಾಡಲಿ?

ಮೈಸೂರಿನಿಂದ:
ಬಾಟಲಿ ಹಾಗೇ ಇರಲಿ. ಮೊದಲು ಇದು ಹೇಳಿ: ಮುದುಡಿರುವುದು ತುದಿಯ ಚಿಗುರೋ, ಕೆಳಗಿನ ಬಲಿತ ಎಲೆಯೋ? ಇದೊಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮಧ್ಯಾಹ್ನ ಇಡೀ ಗಿಡ ಬಾಡಿ, ಸಂಜೆ ಹೊತ್ತಿಗೆ ತಾನೇ ಎದ್ದು ನಿಂತರೆ ಅದು ಬಿಸಿಲ ಝಳ, ಅಷ್ಟೇ. ಬಲಿತ ಎಲೆಯ ಅಂಚು ಮೇಲಕ್ಕೆ ಮಡಚಿ ಗರಿಗರಿ ಒಣಗಿದ್ದರೆ ನೀರು ಬೇರಿನ ತನಕ ಇಳಿಯುತ್ತಿಲ್ಲ. ಎಲೆ ಹಳದಿಯಾಗಿ ಮೆತ್ತಗೆ ಜೋತುಬಿದ್ದು, ಮಣ್ಣು ಹಸಿಯಾಗೇ ಇದ್ದರೆ ನೀರು ಜಾಸ್ತಿ. "ದಿನಾ ಹಾಕುತ್ತೇನೆ" ಅನ್ನುವುದು ಲೆಕ್ಕ ಅಲ್ಲ. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ. ಒಣಗಿದ್ದರೆ ತಳದ ತೂತಿನಿಂದ ಹೊರಬರುವಷ್ಟು ಹಾಕಿ, ಹಸಿ ಇದ್ದರೆ ಸುಮ್ನೆ ಬಿಡಿ.

ಚಿಗುರು ಮಾತ್ರ ಮುರುಟಿದ್ದರೆ ಸಾಮಾನ್ಯವಾಗಿ ಹುಳದ ಕಾಟ. ಎಲೆ ತಿರುಗಿಸಿ, ಹಿಂಬದಿ ನೋಡಿ. ಕಣ್ಣಿಗೆ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ.

ಕೋಲಾರದಿಂದ:
ನೀರಿನ ಮಾತು ಬಂತಲ್ಲ, ಬೋರ್‌ವೆಲ್ ನೀರಾದರೆ ಕುಂಡದ ಅಂಚಲ್ಲಿ ಬಿಳಿ ಉಪ್ಪು ಕಟ್ಟಿದೆಯಾ ನೋಡಿ. ನಮ್ಮ ಕಡೆ ನೀರು ಬಲು ಗಡಸು. ಉಪ್ಪು ಜಾಸ್ತಿ ಆದರೆ ಎಲೆಯ ಅಂಚು ಸುಟ್ಟು ಒಳಕ್ಕೆ ಮಡಚುತ್ತದೆ. ಮಳೆ ನೀರು ಹಿಡಿದು ಕುಂಡದ ಉಪ್ಪು ತೊಳೆದುಹೋಗುವ ಹಾಗೆ ನಿಧಾನವಾಗಿ ಸುರಿಯಿರಿ. ಆ ನೀರು ತಟ್ಟೆಯಲ್ಲಿ ನಿಲ್ಲಬಾರದು, ಚೆಲ್ಲಿಬಿಡಿ.

ನ್ಯೂಜೆರ್ಸಿಯಿಂದ:
ನಮ್ಮದು ಬೇರೆ ಕಥೆ, ಇಲ್ಲಿರುವ ಕನ್ನಡದವರಿಗೆ ಉಪಯೋಗ ಆಗಬಹುದು. ಚಳಿಗಾಲದಲ್ಲಿ ದಾಸವಾಳ ಮನೆಯೊಳಗೇ ಇರಬೇಕು. ಹೀಟರ್ ಗಾಳಿಗೆ ಎಲೆ ಮುದುಡುತ್ತದೆ, ಆ ಒಣ ಗಾಳಿಯಲ್ಲೇ ಕೆಂಪು ಜೇಡನುಸಿ (ರಸ ಹೀರುವ ತೀರಾ ಸಣ್ಣ ಹುಳ) ಏರುತ್ತದೆ. ಎಲೆ ಮೇಲೆ ಸೂಜಿ ಚುಚ್ಚಿದಂಥ ತಿಳಿ ಚುಕ್ಕೆ, ತೊಟ್ಟಿನ ಸಂದಿಯಲ್ಲಿ ನವಿರಾದ ಬಲೆ. ಬಿಳಿ ಕಾಗದ ಹಿಡಿದು ಕೊಂಬೆ ತಟ್ಟಿ, ಉದುರಿದ ಚುಕ್ಕೆ ಓಡಾಡಿದರೆ ಅದೇ. ಗಿಡವನ್ನು ಬಚ್ಚಲಿಗೆ ಒಯ್ದು ಎಲೆಯ ಹಿಂಬದಿಗೆ ಶವರ್ ಹಿಡಿಯುತ್ತೇನೆ. ಹೀಟರಿನಿಂದ ದೂರ ಇಟ್ಟಿರಿ.

ಕೇಳಿದವರು:
ಚಿಗುರೇ ಮುದುಡಿರುವುದು. ತಿರುಗಿಸಿ ನೋಡಿದೆ, ತುದಿಯಲ್ಲಿ ಎಲೆಗಳೆಲ್ಲ ಒತ್ತೊತ್ತಾಗಿ ಗೊಂಚಲು ಕಟ್ಟಿವೆ, ಒಳಗೆ ಹತ್ತಿಯಂಥ ಬಿಳಿ ಹಿಟ್ಟು. ಕೆಳಗಿನ ಎಲೆ ಮೇಲೆ ಅಂಟಂಟು. ಕಾಂಡದ ಮೇಲೆ ಇರುವೆ ಸಾಲು. ಇರುವೆಯೇ ಎಲೆ ತಿನ್ನುತ್ತಿದೆಯಾ?

ಧಾರವಾಡದಿಂದ:
ಇಲ್ಲ ರೀ, ಇರುವೆ ತಿನ್ನೋದಿಲ್ಲ. ಅದು ಹಿಟ್ಟು ತಿಗಣೆ. ದಾಸವಾಳ ಅಂದರೆ ಅದಕ್ಕೆ ಹಬ್ಬದೂಟ. ಚಿಗುರಿನ ರಸ ಹೀರುತ್ತದೆ, ಅದರ ಎಂಜಲಿನಿಂದ ಚಿಗುರು ಬೆಳೆಯುವ ರೀತಿಯೇ ಕೆಟ್ಟು ಗೊಂಚಲು ಕಟ್ಟುತ್ತದೆ. ಹೀರಿದ್ದರಲ್ಲಿ ಜಾಸ್ತಿಯಾದ ಸಕ್ಕರೆಯನ್ನು ಅಂಟಾಗಿ ಹೊರಹಾಕುತ್ತದೆ, ಇರುವೆ ಬರುವುದು ಆ ಸಿಹಿಗೆ. ಸುಮ್ನೆ ನೆಕ್ಕಿ ಹೋಗುವುದೂ ಇಲ್ಲ. ತಿಗಣೆಯನ್ನು ತಿನ್ನಲು ಬರುವ ಗುಲಗಂಜಿ ಹುಳವನ್ನು ಓಡಿಸುತ್ತದೆ. ಹಾಗಾಗಿ ಇರುವೆ ತಡೆಯದೆ ಎಷ್ಟು ಸಿಂಪಡಿಸಿದರೂ ತಿಗಣೆ ಮತ್ತೆ ಬರುತ್ತದೆ.

ಗೊಂಚಲಾದ ತುದಿಯನ್ನೆಲ್ಲ ಕತ್ತರಿಸಿ, ಕವರಿಗೆ ಹಾಕಿ ಗಂಟು ಕಟ್ಟಿ ಕಸಕ್ಕೆ ಹಾಕಿ. ಬೇರೆ ಕುಂಡದ ಹತ್ತಿರ ಎಸೆಯಬೇಡಿ, ಮರಿಗಳು ನಡೆದುಕೊಂಡೇ ಹೋಗುತ್ತವೆ. ಉಳಿದ ಕಾಂಡದ ಸಂದಿಗಳಿಗೆ ರಭಸವಾಗಿ ನೀರು ಹೊಡೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಕೆಲವು ಹನಿ ಸೌಮ್ಯ ಸೋಪಿನ ದ್ರವ. ಮೊದಲು ಎಣ್ಣೆಗೆ ಸೋಪು ಬೆರೆಸಿ ಕಲಕಿ, ನಂತರ ನೀರು. ಇಲ್ಲದಿದ್ದರೆ ಎಣ್ಣೆ ಮೇಲೆ ತೇಲುತ್ತದೆ, ಗಿಡಕ್ಕೆ ಬರೀ ನೀರು ಬೀಳುತ್ತದೆ. ಒಂದೆರಡು ಎಲೆಗೆ ಹೊಡೆದು ಮಾರನೇ ದಿನ ಸುಟ್ಟಿಲ್ಲ ಅಂತ ನೋಡಿಕೊಂಡು ಇಡೀ ಗಿಡಕ್ಕೆ ಹೊಡೆಯಿರಿ. ಸಂಜೆಯೇ ಹೊಡೆಯಬೇಕು, ಬಿಸಿಲಲ್ಲಿ ಎಲೆ ಸುಡುತ್ತದೆ. ವಾರಕ್ಕೊಮ್ಮೆಯಂತೆ ಮೂರು ಸಲ. ಹತ್ತಿಯಂಥ ಚೀಲದೊಳಗಿನ ಮೊಟ್ಟೆ ಒಂದೇ ಏಟಿಗೆ ಸಾಯುವುದಿಲ್ಲ.

ಇರುವೆಗೆ: ಬಾಲ್ಕನಿ ಕಂಬಿಗೋ ಗೋಡೆಗೋ ಗಿಡ ತಾಗದಂತೆ ಇಡಿ. ಕುಂಡವನ್ನು ಅಗಲದ ನೀರಿನ ತಟ್ಟೆಯ ನಡುವೆ ಇಟ್ಟಿಗೆ ಮೇಲೆ ನಿಲ್ಲಿಸಿ, ತಳ ನೀರಿಗೆ ತಾಗಬಾರದು. ಸೊಳ್ಳೆ ಮೊಟ್ಟೆ ಇಡದಂತೆ ಆ ನೀರು ಆಗಾಗ ಬದಲಿಸಿ.

ಮೈಸೂರಿನಿಂದ:
ಬೇವಿನ ಎಣ್ಣೆ ಬೆರೆಸುವುದು ಕಿರಿಕಿರಿ ಅನ್ನಿಸಿದರೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು ಇದೆ, ನೀರಲ್ಲಿ ಕರಗಿಸಿ ಹೊಡೆಯುವಂಥದ್ದು. ಪ್ರಮಾಣ ಪೊಟ್ಟಣದ ಮೇಲೆ ಇರುತ್ತದೆ. ನರ್ಸರಿ ಬಾಟಲಿ ವಿಷಯ: ಲೇಬಲ್‌ನಲ್ಲಿ ಇಮಿಡಾಕ್ಲೋಪ್ರಿಡ್ ಅಂತಿದ್ದರೆ ನಾನಂತೂ ಹೊಡೆಯಲ್ಲ. ಅದು ಗಿಡದ ರಸಕ್ಕೇ ಸೇರುವ ಕೀಟನಾಶಕ, ಹೂವಿಗೆ ಬರುವ ಜೇನಿಗೂ ವಿಷ. ದಾಸವಾಳದ ಎಲೆ ಅರೆದು ತಲೆಗೆ ಹಚ್ಚುವ ಮನೆ ಆದರೆ ಕೇಳುವುದೇ ಬೇಡ.

ಕೇಳಿದವರು:
ಹಚ್ಚುತ್ತೇವೆ! ಬಾಟಲಿ ವಾಪಸ್. ಇಂದೇ ತುದಿ ಕತ್ತರಿಸುತ್ತೇನೆ. ಸ್ವಲ್ಪ ಮುದುಡಿದ ಎಲೆಗಳು ಮತ್ತೆ ನೆಟ್ಟಗಾಗುತ್ತವಾ?

ಧಾರವಾಡದಿಂದ:
ಮುರುಟಿದ್ದು ನೆಟ್ಟಗಾಗೋದಿಲ್ಲ. ಹಸಿರಾಗಿದ್ದರೆ ಇರಲಿ ಬಿಡಿ, ಗಿಡಕ್ಕೆ ಊಟ ಮಾಡಿಕೊಡುತ್ತವೆ. ಕತ್ತರಿಸಿದ ಗೆಣ್ಣಿನ ಪಕ್ಕದಿಂದ ಬರುವ ಹೊಸ ಚಿಗುರು ಹೇಗಿದೆ ನೋಡಿ. ಅದು ಚಪ್ಪಟೆಯಾಗಿ ಬಿಚ್ಚಿಕೊಳ್ಳುವ ತನಕ ಗೊಬ್ಬರ ಹಾಕಬೇಡಿ, ಮೆತ್ತನೆ ಚಿಗುರು ಜಾಸ್ತಿಯಾದಷ್ಟೂ ತಿಗಣೆಗೆ ಒಳ್ಳೆಯದು.